ಎಂಜಿನ್‌ಗೆ ತಕ್ಕ ಪ್ರೊಪೆಲ್ಲರ್: ಔಟ್‌ಬೋರ್ಡ್ ದೋಣಿಗಳಲ್ಲಿ ವೇಗ, ಇಂಧನ ಮತ್ತು ಸುರಕ್ಷತೆಯ ಲೆಕ್ಕ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಕಡಲ ತೀರದಲ್ಲಿ ನಾಡದೋಣಿ ಮೀನುಗಾರಿಕೆಯನ್ನು ನೆಚ್ಚಿ ಬದುಕುವ ಕುಟುಂಬಗಳಿಗೆ ಮನೆಯನ್ನು ಬಿಟ್ಟರೆ ಅತಿ ದೊಡ್ಡ ಬಂಡವಾಳವೆಂದರೆ ದೋಣಿ, ಬಲೆ ಮತ್ತು ಎಂಜಿನ್. ದೋಣಿಯ ಹಿಂಬದಿಯ ಹಲಗೆಗೆ ಬಿಗಿಯುವ ಔಟ್‌ಬೋರ್ಡ್ ಎಂಜಿನ್‌ಗಳು 1980ರ ದಶಕದಲ್ಲಿ ಈ ತೀರದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದವು. ಅಂದಿನಿಂದ ಹುಟ್ಟು ಮತ್ತು ಹಾಯಿಗಳ ಸ್ಥಾನವನ್ನು ಅವು ಬಹುಮಟ್ಟಿಗೆ ತುಂಬಿವೆ. ದ್ವೀಪಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವವರು, ಜಲಕ್ರೀಡಾ ಕೇಂದ್ರಗಳನ್ನು ನಡೆಸುವವರು, ಒಳನಾಡಿನ ಜಲಾಶಯಗಳಲ್ಲಿ ದೋಣಿ ಸಫಾರಿ ಏರ್ಪಡಿಸುವವರು ಕೂಡ ಇದೇ ಎಂಜಿನ್‌ಗಳನ್ನು ಅವಲಂಬಿಸಿದ್ದಾರೆ.

ಎಂಜಿನ್ ಕೊಳ್ಳುವಾಗ ಅಶ್ವಶಕ್ತಿ, ಬೆಲೆ, ಬಿಡಿಭಾಗಗಳ ಲಭ್ಯತೆ, ಖಾತರಿಯ ಅವಧಿ ಇವೆಲ್ಲವನ್ನೂ ಗ್ರಾಹಕರು ವಿವರವಾಗಿ ವಿಚಾರಿಸುತ್ತಾರೆ. ಆದರೆ ಎಂಜಿನ್‌ನ ಶಕ್ತಿಯನ್ನು ನೀರಿಗೆ ತಲುಪಿಸುವ ಪ್ರೊಪೆಲ್ಲರ್‌ನ ಬಗ್ಗೆ ವಿಚಾರಿಸುವವರು ವಿರಳ. ನಮ್ಮ ಬಂದರುಗಳಲ್ಲಿ ‘ಫ್ಯಾನ್’ ಎಂದೇ ರೂಢಿಯಲ್ಲಿರುವ ಈ ಭಾಗ ಎಂಜಿನ್‌ನ ಬೆಲೆಯ ಸಣ್ಣದೊಂದು ಅಂಶ ಮಾತ್ರ. ಆದರೂ ಎಂಜಿನ್ ಎಷ್ಟು ವರ್ಷ ಬಾಳುತ್ತದೆ, ಒಂದು ಕ್ಯಾನ್ ಇಂಧನದಲ್ಲಿ ದೋಣಿ ಎಷ್ಟು ದೂರ ಸಾಗುತ್ತದೆ, ಅಳಿವೆಯ ಬಾಯಲ್ಲಿ ತೆರೆ ಎದ್ದಾಗ ದೋಣಿ ಮುಂದಕ್ಕೆ ಜಿಗಿಯುತ್ತದೆಯೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ. ಪ್ರೊಪೆಲ್ಲರ್‌ನ ಆಯ್ಕೆಗೂ ಎಂಜಿನ್‌ನ ಸುರಕ್ಷಿತ ತಿರುಗು ವೇಗಕ್ಕೂ ಇರುವ ಸಂಬಂಧವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪ್ರೊಪೆಲ್ಲರ್‌ನ ಮೇಲಿನ ಎರಡು ಅಂಕಿಗಳು

ಔಟ್‌ಬೋರ್ಡ್ ಪ್ರೊಪೆಲ್ಲರ್‌ನ ನಡುವಣ ಗುಂಭದ ಮೇಲೆ ಅಥವಾ ಎಲೆಯ ಬುಡದಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. ‘11 × 13’ ಎಂದು ಬರೆದಿದ್ದರೆ ಮೊದಲನೆಯದು ವ್ಯಾಸ, ಎರಡನೆಯದು ಪಿಚ್. ಎರಡನ್ನೂ ಅಂಗುಲಗಳಲ್ಲಿ ಹೇಳುವುದು ರೂಢಿ. ಎಲೆಗಳ ತುದಿಗಳು ತಿರುಗುವಾಗ ರಚಿಸುವ ವೃತ್ತದ ಅಡ್ಡಳತೆಯೇ ವ್ಯಾಸ. ಪಿಚ್ ಎಂದರೆ ಪ್ರೊಪೆಲ್ಲರ್ ಒಂದು ಪೂರ್ಣ ಸುತ್ತು ತಿರುಗಿದಾಗ ಸಿದ್ಧಾಂತದ ಪ್ರಕಾರ ಮುಂದಕ್ಕೆ ಸಾಗಬೇಕಾದ ದೂರ. ಮರದೊಳಗೆ ಸ್ಕ್ರೂ ತಿರುಗಿಸಿದಾಗ ಪ್ರತಿ ಸುತ್ತಿಗೂ ಅದು ನಿರ್ದಿಷ್ಟ ಅಳತೆಯಷ್ಟೇ ಒಳಹೋಗುತ್ತದೆ. ಅದೇ ರೀತಿ 13 ಅಂಗುಲ ಪಿಚ್‌ನ ಪ್ರೊಪೆಲ್ಲರ್ ಒಂದು ಸುತ್ತಿಗೆ 13 ಅಂಗುಲ ಸಾಗಬೇಕು.

ಆದರೆ ನೀರು ಮರದಂತೆ ಗಟ್ಟಿ ಪದಾರ್ಥವಲ್ಲ. ಎಲೆಗಳು ತಳ್ಳಿದಾಗ ನೀರು ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ದೋಣಿ ಲೆಕ್ಕದ ದೂರಕ್ಕಿಂತ ಕಡಿಮೆ ಸಾಗುತ್ತದೆ. ಈ ವ್ಯತ್ಯಾಸಕ್ಕೆ ಜಾರುವಿಕೆ ಅಥವಾ ಸ್ಲಿಪ್ ಎನ್ನುತ್ತಾರೆ. ನೀರಿನ ಮೇಲ್ಮೈಯಲ್ಲಿ ಹಾರಿದಂತೆ ಓಡುವ ಹಗುರ ದೋಣಿಗಳಲ್ಲಿ ಜಾರುವಿಕೆ ಶೇಕಡಾ 10ರಿಂದ 20ರಷ್ಟಿರುವುದು ಸಾಮಾನ್ಯ. ಬಲೆ, ಮಂಜುಗಡ್ಡೆ ಮತ್ತು ಜನರನ್ನು ಹೊತ್ತು ನೀರನ್ನು ಸೀಳಿ ಸಾಗುವ ಭಾರದ ದೋಣಿಗಳಲ್ಲಿ ಅದು ಇನ್ನೂ ಹೆಚ್ಚಿರುತ್ತದೆ. ಜಾರುವಿಕೆ ಇಲ್ಲದೆ ತಳ್ಳುಬಲವೇ ಹುಟ್ಟದ ಕಾರಣ ಅದನ್ನು ಪೂರ್ಣವಾಗಿ ನಿವಾರಿಸಲಾಗದು. ಅದು ಅತಿಯಾದಾಗ ಮಾತ್ರ ಯೋಚಿಸಬೇಕು.

ಪಿಚ್ಚನ್ನು ಮೋಟಾರು ವಾಹನದ ಗೇರಿಗೆ ಹೋಲಿಸಬಹುದು. ಕಡಿಮೆ ಪಿಚ್ ಕೆಳಗಿನ ಗೇರಿನಂತೆ: ಎಳೆಯುವ ಬಲ ಹೆಚ್ಚು, ಗರಿಷ್ಠ ವೇಗ ಕಡಿಮೆ, ಎಂಜಿನ್ ಸುಲಭವಾಗಿ ಮೇಲೇರುತ್ತದೆ. ಹೆಚ್ಚಿನ ಪಿಚ್ ಮೇಲಿನ ಗೇರಿನಂತೆ: ಭಾರ ಕಡಿಮೆಯಿದ್ದಾಗ ವೇಗ ಸಿಗುತ್ತದೆ, ಭಾರ ಹೆಚ್ಚಿದಾಗ ಎಂಜಿನ್ ಹೆಣಗುತ್ತದೆ. ಆದರೆ ವಾಹನದ ಚಾಲಕನು ಘಟ್ಟ ಹತ್ತುವಾಗ ಗೇರ್ ಬದಲಾಯಿಸಬಲ್ಲ. ದೋಣಿಗೆ ಮುಂದಕ್ಕೆ ಇರುವುದು ಒಂದೇ ಗೇರ್. ಹಾಗಾಗಿ ಬಂದರಿನಲ್ಲಿ ಬಿಗಿದ ಪ್ರೊಪೆಲ್ಲರ್‌ನೊಂದಿಗೇ ಇಡೀ ದಿನದ ಪಯಣ ಮುಗಿಯಬೇಕಾಗುತ್ತದೆ.

ಸುರಕ್ಷಿತ ತಿರುಗು ವೇಗ ಎಂದರೇನು?

ಪ್ರತಿಯೊಂದು ಔಟ್‌ಬೋರ್ಡ್ ಎಂಜಿನ್‌ನ ಕೈಪಿಡಿಯಲ್ಲಿ, ಥ್ರಾಟಲನ್ನು ಪೂರ್ತಿ ತೆರೆದಾಗ ಎಂಜಿನ್ ಯಾವ ವ್ಯಾಪ್ತಿಯಲ್ಲಿ ತಿರುಗಬೇಕೆಂಬುದನ್ನು ನಮೂದಿಸಿರುತ್ತಾರೆ. ಇಂದಿನ ಅನೇಕ ನಾಲ್ಕು ಸ್ಟ್ರೋಕ್ ಎಂಜಿನ್‌ಗಳಿಗೆ ಈ ವ್ಯಾಪ್ತಿ ನಿಮಿಷಕ್ಕೆ 5000ರಿಂದ 6000 ಸುತ್ತು. ಎರಡು ಸ್ಟ್ರೋಕಿನ ಹಲವು ದುಡಿಮೆಯ ಎಂಜಿನ್‌ಗಳಿಗೆ 4500ರಿಂದ 5500 ಸುತ್ತು. ಮಾದರಿಯಿಂದ ಮಾದರಿಗೆ ಇದು ಬದಲಾಗುವುದರಿಂದ ಆಯಾ ಎಂಜಿನ್‌ನ ಕೈಪಿಡಿಯೇ ಅಂತಿಮ ಪ್ರಮಾಣ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಎಂಜಿನ್‌ನ ಮೇಲೆ ಬರೆದಿರುವ ಅಶ್ವಶಕ್ತಿ ಈ ವ್ಯಾಪ್ತಿಯಲ್ಲಿ ಮಾತ್ರ ದೊರೆಯುತ್ತದೆ. ವ್ಯಾಪ್ತಿಯನ್ನು ಮುಟ್ಟಲಾಗದ 40 ಅಶ್ವಶಕ್ತಿಯ ಎಂಜಿನ್, ಗ್ರಾಹಕರು 40 ಅಶ್ವಶಕ್ತಿಗೆ ಹಣ ತೆತ್ತಿದ್ದರೂ, ಅದಕ್ಕಿಂತ ಕಡಿಮೆ ಶಕ್ತಿಯನ್ನಷ್ಟೇ ಕೊಡುತ್ತದೆ. ಥ್ರಾಟಲ್ ಪೂರ್ತಿ ತೆರೆದಿದ್ದಾಗ ಎಂಜಿನ್ ಕೊಡಬಲ್ಲ ಶಕ್ತಿ ಮತ್ತು ಪ್ರೊಪೆಲ್ಲರ್ ಕೇಳುವ ಶಕ್ತಿ ಎಲ್ಲಿ ಸಮನಾಗುತ್ತವೆಯೋ ಅಲ್ಲಿಯೇ ತಿರುಗು ವೇಗ ನಿಲ್ಲುತ್ತದೆ. ಪ್ರೊಪೆಲ್ಲರ್ ಹೆಚ್ಚು ಕೇಳಿದರೆ ಆ ಬಿಂದು ಕೆಳಕ್ಕೆ ಸರಿಯುತ್ತದೆ, ಕಡಿಮೆ ಕೇಳಿದರೆ ಮೇಲಕ್ಕೆ ಹೋಗುತ್ತದೆ. ಪ್ರೊಪೆಲ್ಲರ್ ಆಯ್ಕೆಯ ಇಡೀ ಶಾಸ್ತ್ರ ಈ ಬಿಂದುವನ್ನು ಸರಿಯಾದ ಜಾಗಕ್ಕೆ ತರುವುದರಲ್ಲಿದೆ.

ಎಂಜಿನ್ ಹೆಣಗಿದಾಗ ಆಗುವ ಹಾನಿ

ಪಿಚ್ ಅಗತ್ಯಕ್ಕಿಂತ ಹೆಚ್ಚಾದಾಗ ಎಂಜಿನ್ ಪೂರ್ಣ ಥ್ರಾಟಲ್‌ನಲ್ಲಿಯೂ ನಿಗದಿತ ವ್ಯಾಪ್ತಿಯನ್ನು ತಲುಪುವುದಿಲ್ಲ. ಶಬ್ದ ತಗ್ಗಿರುವುದರಿಂದ, ಎಂಜಿನ್ ಆರಾಮವಾಗಿ ಓಡುತ್ತಿದೆ ಎಂಬ ಭಾವನೆ ಚಾಲಕರಲ್ಲಿ ಮೂಡುವುದುಂಟು. ವಾಸ್ತವದಲ್ಲಿ ಅದು ತಲೆಯ ಮೇಲೆ ಮಿತಿಮೀರಿದ ಹೊರೆ ಹೊತ್ತು ನಡೆಯುವ ಕೂಲಿಯಾಳಿನ ಸ್ಥಿತಿ. ಸಿಲಿಂಡರಿಗೆ ಪೂರ್ಣ ಪ್ರಮಾಣದ ಇಂಧನ ಸೇರುತ್ತಿರುತ್ತದೆ, ಆದರೆ ಪಿಸ್ಟನ್ ನಿಧಾನವಾಗಿ ಚಲಿಸುವುದರಿಂದ ಒತ್ತಡ ಮತ್ತು ತಾಪಮಾನಗಳು ಹೆಚ್ಚು ಹೊತ್ತು ಮೇಲ್ಮಟ್ಟದಲ್ಲಿ ಉಳಿಯುತ್ತವೆ. ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುವ ಸಂಭವವಿರುತ್ತದೆ. ನಾಕಿಂಗ್ ಎಂದು ಕರೆಯಲಾಗುವ ಈ ಕ್ರಿಯೆ ಪಿಸ್ಟನ್ನಿನ ತಲೆ, ರಿಂಗ್ ಮತ್ತು ಬೇರಿಂಗ್‌ಗಳನ್ನು ಹಾಳುಗೆಡವುತ್ತದೆ. ಪೂರ್ತಿಯಾಗಿ ಉರಿಯದ ಇಂಧನ ಮಸಿಯಾಗಿ ಸ್ಪಾರ್ಕ್ ಪ್ಲಗ್, ರಿಂಗ್‌ಗಳ ಗಾಡಿ ಮತ್ತು ಹೊಗೆಮಾರ್ಗಗಳಲ್ಲಿ ಕಟ್ಟಿಕೊಳ್ಳುತ್ತದೆ.

ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್‌ಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಪೆಟ್ರೋಲಿಗಿಂತ ಸೀಮೆಎಣ್ಣೆಯ ಆಕ್ಟೇನ್ ಮಟ್ಟ ಬಹಳ ಕಡಿಮೆ. ಆದ್ದರಿಂದಲೇ ಇಂತಹ ಎಂಜಿನ್‌ಗಳನ್ನು ಕಡಿಮೆ ಸಂಪೀಡನ ಅನುಪಾತದೊಂದಿಗೆ ತಯಾರಿಸುತ್ತಾರೆ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳಿಸುತ್ತಾರೆ. ತಯಾರಕರು ಇಷ್ಟು ಎಚ್ಚರ ವಹಿಸಿದ ಎಂಜಿನ್‌ಗೆ ಅತಿ ಪಿಚ್‌ನ ಪ್ರೊಪೆಲ್ಲರ್ ಬಿಗಿದರೆ ಆ ಎಚ್ಚರವೆಲ್ಲ ವ್ಯರ್ಥವಾಗುತ್ತದೆ.

ಎಂಜಿನ್ ಮಿತಿ ಮೀರಿದಾಗ ಆಗುವ ಹಾನಿ

ಪಿಚ್ ತೀರಾ ಕಡಿಮೆಯಾದರೆ ಇದಕ್ಕೆ ವಿರುದ್ಧವಾದ ತೊಂದರೆ ಎದುರಾಗುತ್ತದೆ. ಎಂಜಿನ್ ನಿಗದಿತ ಮೇಲ್ಮಿತಿಯನ್ನು ದಾಟಿ ತಿರುಗುತ್ತದೆ. ಪ್ರತಿ ಸುತ್ತಿಗೂ ಪಿಸ್ಟನ್ ಎರಡು ಬಾರಿ ನಿಂತು ದಿಕ್ಕು ಬದಲಾಯಿಸಬೇಕು. ಹಾಗೆ ಮಾಡುವಾಗ ಕನೆಕ್ಟಿಂಗ್ ರಾಡ್ ಮತ್ತು ಅದರ ಬೋಲ್ಟುಗಳ ಮೇಲೆ ಬೀಳುವ ಜಗ್ಗುಬಲ ತಿರುಗು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 6000ದಿಂದ 6600 ಸುತ್ತಿಗೆ ಹೋದರೆ ವೇಗ ಹೆಚ್ಚಿದ್ದು ಶೇಕಡಾ 10 ಮಾತ್ರ. ಆದರೆ ಈ ಬಲ ಶೇಕಡಾ 21ರಷ್ಟು ಹೆಚ್ಚುತ್ತದೆ. ನಾಲ್ಕು ಸ್ಟ್ರೋಕ್ ಎಂಜಿನ್‌ಗಳಲ್ಲಿ ವಾಲ್ವ್ ಸ್ಪ್ರಿಂಗ್‌ಗಳು ಆ ವೇಗಕ್ಕೆ ಸರಿಯಾಗಿ ಸ್ಪಂದಿಸಲಾಗದ ಸ್ಥಿತಿಯೂ ಬರಬಹುದು.

ಈಗಿನ ಬಹುತೇಕ ಎಂಜಿನ್‌ಗಳಲ್ಲಿ ವೇಗ ಮಿತಿ ದಾಟಿದಾಗ ಕಿಡಿಯನ್ನು ಅಥವಾ ಇಂಧನವನ್ನು ಕಡಿತಗೊಳಿಸುವ ವ್ಯವಸ್ಥೆಯಿದೆ. ಹಳೆಯ ಎರಡು ಸ್ಟ್ರೋಕ್ ಎಂಜಿನ್‌ಗಳಲ್ಲಿ ಅನೇಕಕ್ಕೆ ಈ ರಕ್ಷಣೆಯಿಲ್ಲ. ತೆರೆಗಳ ನಡುವೆ ದೋಣಿಯ ಹಿಂಭಾಗ ಮೇಲೆದ್ದು ಪ್ರೊಪೆಲ್ಲರ್ ಕ್ಷಣಕಾಲ ನೀರಿನಿಂದ ಹೊರಬಂದಾಗ, ಮೊದಲೇ ಮೇಲ್ಮಿತಿಯಲ್ಲಿ ಓಡುತ್ತಿರುವ ಎಂಜಿನ್ ಒಮ್ಮೆಲೇ ಅಪಾಯದ ವಲಯಕ್ಕೆ ನೆಗೆಯುತ್ತದೆ. ಆಗ ಥ್ರಾಟಲನ್ನು ತಗ್ಗಿಸಲು ಚಾಲಕನಿಗೆ ಸಿಗುವ ಸಮಯ ಒಂದು ಕ್ಷಣ ಮಾತ್ರ.

ಸರಿಯಾದ ಪಿಚ್ ಕಂಡುಕೊಳ್ಳುವ ಕ್ರಮ

ಪ್ರೊಪೆಲ್ಲರ್ ಆಯ್ಕೆಗೆ ಬೇಕಾಗುವ ಉಪಕರಣಗಳು ಎರಡೇ: ತಿರುಗು ವೇಗ ತೋರಿಸುವ ಟ್ಯಾಕೋಮೀಟರ್ ಮತ್ತು ದೋಣಿಯ ವೇಗ ತೋರಿಸುವ ಜಿಪಿಎಸ್. ಕೈಹಿಡಿಯಿಂದ ನಡೆಸುವ ಎಂಜಿನ್‌ಗಳಲ್ಲಿ ಟ್ಯಾಕೋಮೀಟರ್ ಇರುವುದು ಕಡಿಮೆ. ಸ್ಪಾರ್ಕ್ ಪ್ಲಗ್ಗಿನ ತಂತಿಗೆ ಸುತ್ತಿ ಅಳೆಯುವ ಸಣ್ಣ ಉಪಕರಣಗಳು ಮಾರುಕಟ್ಟೆಯಲ್ಲಿವೆ. ಇವನ್ನು ಬಳಸುವಾಗ ಎಂಜಿನ್‌ನ ಬಗೆಗೆ ತಕ್ಕಂತೆ ಹೊಂದಿಸಿಕೊಳ್ಳಬೇಕು. ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ ಹಾರುತ್ತದೆ. ನಾಲ್ಕು ಸ್ಟ್ರೋಕ್ ಎಂಜಿನ್‌ಗಳಲ್ಲಿ ಕೆಲವಕ್ಕೆ ಎರಡು ಸುತ್ತಿಗೊಂದು ಕಿಡಿ, ಇನ್ನು ಕೆಲವಕ್ಕೆ ಪ್ರತಿ ಸುತ್ತಿಗೊಂದು ಕಿಡಿ. ಹೊಂದಿಕೆ ತಪ್ಪಿದರೆ ಉಪಕರಣ ನಿಜವಾದ ವೇಗದ ಎರಡರಷ್ಟನ್ನೋ ಅರ್ಧವನ್ನೋ ತೋರಿಸುತ್ತದೆ.

ಪರೀಕ್ಷೆಯನ್ನು ಈ ಕೆಳಗಿನ ಕ್ರಮದಲ್ಲಿ ನಡೆಸಬಹುದು.

1. ಹೊಸ ಎಂಜಿನ್ ಆಗಿದ್ದರೆ ಕೈಪಿಡಿಯಲ್ಲಿ ಹೇಳಿದ ಆರಂಭಿಕ ಓಟದ ಅವಧಿಯನ್ನು ಮೊದಲು ಪೂರೈಸಬೇಕು. ಆ ಅವಧಿಯಲ್ಲಿ ಪೂರ್ಣ ಥ್ರಾಟಲ್‌ನಲ್ಲಿ ನಿರಂತರವಾಗಿ ಓಡಿಸುವುದು ಸಲ್ಲದು.

2. ದೋಣಿಯಲ್ಲಿ ಸಾಮಾನ್ಯವಾಗಿ ಇರುವ ಭಾರವನ್ನೇ ಹೇರಬೇಕು: ಬಲೆ, ಇಂಧನದ ಕ್ಯಾನುಗಳು, ಮಂಜುಗಡ್ಡೆ ಮತ್ತು ಜನರು.

3. ಶಾಂತ ನೀರಿನಲ್ಲಿ, ಎಂಜಿನ್ ಬಿಸಿಯಾದ ನಂತರ, ಥ್ರಾಟಲನ್ನು ಪೂರ್ತಿ ತೆರೆದು ವೇಗ ಸ್ಥಿರವಾಗುವವರೆಗೆ ಓಡಿಸಿ ಎರಡೂ ಅಂಕಿಗಳನ್ನು ಬರೆದುಕೊಳ್ಳಬೇಕು.

4. ಅದೇ ಹಾದಿಯಲ್ಲಿ ವಿರುದ್ಧ ದಿಕ್ಕಿಗೂ ಓಡಿಸಿ ಸರಾಸರಿ ತೆಗೆದುಕೊಂಡರೆ ಪ್ರವಾಹ ಮತ್ತು ಗಾಳಿಯ ಪ್ರಭಾವ ಬಹುಪಾಲು ಕಳೆದುಹೋಗುತ್ತದೆ.

5. ದೋಣಿಯನ್ನು ಹಗುರ ಮಾಡಿ, ಅಂದರೆ ಕನಿಷ್ಠ ಭಾರದಲ್ಲಿ, ಮತ್ತೊಮ್ಮೆ ಅಳೆಯಬೇಕು.

ಈ ಅಂಕಿಗಳು ದೊರೆತ ಮೇಲೆ ಅನ್ವಯಿಸುವ ನಿಯಮ ಸರಳವಾದುದು. ಪಿಚ್ಚನ್ನು 1 ಅಂಗುಲ ಕಡಿಮೆ ಮಾಡಿದರೆ ಪೂರ್ಣ ಥ್ರಾಟಲ್‌ನ ತಿರುಗು ವೇಗ ಸುಮಾರು 150ರಿಂದ 200 ಸುತ್ತು ಏರುತ್ತದೆ; 1 ಅಂಗುಲ ಹೆಚ್ಚಿಸಿದರೆ ಅಷ್ಟೇ ಇಳಿಯುತ್ತದೆ. ವ್ಯಾಸವನ್ನು ಎಂಜಿನ್‌ನ ಕೆಳಭಾಗದ ಅಳತೆಗೆ ತಕ್ಕಂತೆ ತಯಾರಕರೇ ಬಹುಮಟ್ಟಿಗೆ ನಿಗದಿ ಮಾಡಿರುತ್ತಾರೆ. ಆದ್ದರಿಂದ ಬಳಕೆದಾರರ ಕೈಯಲ್ಲಿರುವ ಮುಖ್ಯ ಆಯ್ಕೆ ಪಿಚ್ಚೇ. ಮೂರು ಎಲೆಗಳ ಬದಲು ನಾಲ್ಕು ಎಲೆಗಳ ಪ್ರೊಪೆಲ್ಲರ್ ಹಾಕಿದರೆ ನೀರಿನ ಹಿಡಿತ ಉತ್ತಮಗೊಳ್ಳುತ್ತದೆ, ಆದರೆ ತಿರುಗು ವೇಗ ತುಸು ತಗ್ಗುತ್ತದೆ. ಹಾಗಾಗಿ ಪಿಚ್ಚನ್ನು ಸುಮಾರು 1 ಅಂಗುಲ ಇಳಿಸುವುದು ವಾಡಿಕೆ.

ಒಂದು ಮಾದರಿ ಲೆಕ್ಕ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. 40 ಅಶ್ವಶಕ್ತಿಯ ನಾಲ್ಕು ಸ್ಟ್ರೋಕ್ ಎಂಜಿನ್. ನಿಗದಿತ ವ್ಯಾಪ್ತಿ 5000ದಿಂದ 6000 ಸುತ್ತು. ಗೇರ್ ಅನುಪಾತ 2:1, ಅಂದರೆ ಎಂಜಿನ್ ಎರಡು ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು. ದೋಣಿಗೆ 13 ಅಂಗುಲ ಪಿಚ್‌ನ ಪ್ರೊಪೆಲ್ಲರ್ ಬಿಗಿದಿದೆ. ಪೂರ್ಣ ಭಾರದಲ್ಲಿ ಎಂಜಿನ್ 4700 ಸುತ್ತು ಮುಟ್ಟುತ್ತದೆ, ದೋಣಿಯ ವೇಗ ಗಂಟೆಗೆ 26 ಕಿಲೋಮೀಟರ್. ಖಾಲಿ ದೋಣಿಯಲ್ಲಿ 5300 ಸುತ್ತು.

ಖಾಲಿ ದೋಣಿಯ ಅಂಕಿಯನ್ನಷ್ಟೇ ನೋಡಿದವರಿಗೆ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಆದರೆ ಮೀನುಗಾರಿಕೆಯ ದೋಣಿ ದುಡಿಯುವುದು ಭಾರದಲ್ಲಿ. 4700 ಸುತ್ತಿಗೆ ಪ್ರೊಪೆಲ್ಲರ್ ತಿರುಗುವುದು 2350 ಸುತ್ತು. ಅದನ್ನು 13 ಅಂಗುಲದಿಂದ ಗುಣಿಸಿದರೆ ನಿಮಿಷಕ್ಕೆ 30,550 ಅಂಗುಲ, ಅಂದರೆ ಗಂಟೆಗೆ ಸುಮಾರು 46.6 ಕಿಲೋಮೀಟರ್ ಸಾಗಬೇಕಿತ್ತು. ಸಾಗಿದ್ದು 26 ಕಿಲೋಮೀಟರ್. ಜಾರುವಿಕೆ ಶೇಕಡಾ 44. ಎಂಜಿನ್ ಕೆಳಮಿತಿಗಿಂತ 300 ಸುತ್ತು ಹಿಂದೆ ಉಳಿದು ಹೆಣಗುತ್ತಿದೆ.

ಈಗ ಪಿಚ್ಚನ್ನು 10 ಅಂಗುಲಕ್ಕೆ ಇಳಿಸಿದರೆ, 3 ಅಂಗುಲಕ್ಕೆ ಸುಮಾರು 600 ಸುತ್ತಿನಂತೆ, ಭಾರದಲ್ಲಿ ತಿರುಗು ವೇಗ 5300ಕ್ಕೆ ಬರುತ್ತದೆ, ಖಾಲಿಯಿದ್ದಾಗ 5900. ಎರಡೂ ವ್ಯಾಪ್ತಿಯೊಳಗಿವೆ. ಎಂಜಿನ್ ತನ್ನ ನಿಜವಾದ ಶಕ್ತಿಯನ್ನು ಕೊಡತೊಡಗುವುದರಿಂದ ದೋಣಿಯ ವೇಗ 28 ಕಿಲೋಮೀಟರಿಗೆ ಏರಿತೆಂದು ಇಟ್ಟುಕೊಂಡರೆ, ಲೆಕ್ಕದ ವೇಗ 40.4 ಕಿಲೋಮೀಟರ್, ಜಾರುವಿಕೆ ಶೇಕಡಾ 31. ಕಡಿಮೆ ಪಿಚ್ ಹಾಕಿದರೆ ವೇಗ ತಗ್ಗೀತು ಎಂಬ ಸಾಮಾನ್ಯ ನಂಬಿಕೆ ಭಾರದ ದೋಣಿಗಳ ವಿಷಯದಲ್ಲಿ ಅನೇಕ ಸಲ ನಿಜವಾಗದಿರುವುದಕ್ಕೆ ಇದೇ ಕಾರಣ.

ಹಾಗಾದರೆ ಇನ್ನೂ ಒಂದು ಅಂಗುಲ ಇಳಿಸಿ 9ಕ್ಕೆ ತರಬಾರದೇಕೆ? ಭಾರದಲ್ಲಿ 5500 ಸುತ್ತು ದೊರೆಯುತ್ತದೆ ನಿಜ. ಆದರೆ ಖಾಲಿ ದೋಣಿಯಲ್ಲಿ ಅದು 6100ಕ್ಕೆ ಹೋಗಿ ಮೇಲ್ಮಿತಿಯನ್ನು ದಾಟುತ್ತದೆ. ಭಾರದಲ್ಲಿ ವ್ಯಾಪ್ತಿಯ ಮಧ್ಯಕ್ಕೆ ಹತ್ತಿರವಾಗಿರುವ, ಹಗುರದಲ್ಲಿ ಮೇಲ್ಮಿತಿಯನ್ನು ದಾಟದ ಪಿಚ್ಚೇ ಯೋಗ್ಯವಾದುದು. ಎರಡನ್ನೂ ಸಾಧಿಸಲಾಗದಿದ್ದರೆ ಭಾರದ ಅಗತ್ಯವನ್ನು ಪೂರೈಸಿ, ಹಗುರವಾಗಿದ್ದಾಗ ಥ್ರಾಟಲನ್ನು ತಗ್ಗಿಸಿ ಓಡಿಸುವ ಶಿಸ್ತನ್ನು ರೂಢಿಸಿಕೊಳ್ಳಬೇಕು.

ಇಂಧನದ ಉಳಿತಾಯ

ನೀರನ್ನು ಸೀಳಿ ಸಾಗುವ ದೋಣಿಗಳಲ್ಲಿ ಪ್ರೊಪೆಲ್ಲರ್ ಕೇಳುವ ಶಕ್ತಿ ಸುಮಾರಾಗಿ ತಿರುಗು ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ಸರಿಯಾದ ಪ್ರೊಪೆಲ್ಲರ್ ಹಾಕಿ ಪೂರ್ಣ ಥ್ರಾಟಲ್‌ನಲ್ಲಿ 5500 ಸುತ್ತು ಬರುವ ದೋಣಿಯನ್ನು 4950 ಸುತ್ತಿನಲ್ಲಿ ಓಡಿಸಿದರೆ ಬೇಕಾಗುವ ಶಕ್ತಿ ಶೇಕಡಾ 73ಕ್ಕೆ ಇಳಿಯುತ್ತದೆ. 4400 ಸುತ್ತಿನಲ್ಲಿ ಓಡಿಸಿದರೆ ಶೇಕಡಾ 51 ಮಾತ್ರ. ಅಂದರೆ ತಿರುಗು ವೇಗವನ್ನು ಹತ್ತರಲ್ಲಿ ಒಂದು ಪಾಲು ತಗ್ಗಿಸಿದರೆ ಶಕ್ತಿಯಲ್ಲಿ ಕಾಲು ಭಾಗಕ್ಕಿಂತಲೂ ಹೆಚ್ಚು ಉಳಿಯುತ್ತದೆ. ಬಂಗುಡೆ, ಬೂತಾಯಿಯ ದರ ಏರಿಳಿಯುವುದು ದೋಣಿ ಮಾಲೀಕರ ಕೈಯಲ್ಲಿಲ್ಲ. ಇಂಧನದ ಖರ್ಚು ಮಾತ್ರ ಸ್ವಲ್ಪಮಟ್ಟಿಗೆ ಅವರ ಕೈಯಲ್ಲಿದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಮರೆಯಬಾರದು. ಅತಿ ಪಿಚ್‌ನಿಂದಾಗಿ ಪೂರ್ಣ ಥ್ರಾಟಲ್‌ನಲ್ಲಿ 4400 ಸುತ್ತು ಬರುವುದಕ್ಕೂ, ಸರಿಯಾದ ಪಿಚ್‌ನಲ್ಲಿ ಥ್ರಾಟಲನ್ನು ತಗ್ಗಿಸಿ 4400 ಸುತ್ತಿನಲ್ಲಿ ಓಡಿಸುವುದಕ್ಕೂ ಅಜಗಜಾಂತರವಿದೆ. ಮೊದಲನೆಯದರಲ್ಲಿ ಎಂಜಿನ್ ನರಳುತ್ತದೆ, ಎರಡನೆಯದರಲ್ಲಿ ವಿರಮಿಸುತ್ತದೆ.

ದೋಷ ಪಿಚ್ಚಿನದಲ್ಲದಿರುವಾಗ

ತಿರುಗು ವೇಗ ವ್ಯಾಪ್ತಿಯಿಂದ ಹೊರಗಿದ್ದ ಮಾತ್ರಕ್ಕೆ ಹೊಸ ಪ್ರೊಪೆಲ್ಲರ್ ಕೊಳ್ಳುವುದು ಜಾಣತನವಲ್ಲ. ಮೊದಲು ಇತರ ಕಾರಣಗಳನ್ನು ಪರಿಶೀಲಿಸಬೇಕು.

ಪ್ರೊಪೆಲ್ಲರ್‌ನ ಮೇಲ್ಗಡೆ ಇರುವ ಚಪ್ಪಟೆ ಫಲಕವು ದೋಣಿಯ ತಳದ ಮಟ್ಟದಲ್ಲಿ ಅಥವಾ ಅದಕ್ಕಿಂತ ಸುಮಾರು 1 ಅಂಗುಲ ಕೆಳಗಿರಬೇಕು. ಎಂಜಿನ್ ಹೆಚ್ಚು ಮೇಲಿದ್ದರೆ ಮೇಲ್ಮೈಯ ಗಾಳಿ ಎಲೆಗಳಿಗೆ ಸೇರಿ ಹಿಡಿತ ತಪ್ಪುತ್ತದೆ, ತಿರುಗು ವೇಗ ಏರಿ ದೋಣಿಯ ವೇಗ ಬೀಳುತ್ತದೆ. ತೀರಾ ಕೆಳಗಿದ್ದರೆ ನೀರಿನ ತಡೆ ಹೆಚ್ಚುತ್ತದೆ. ಹಿಂಬದಿಯ ಹಲಗೆಯ ಎತ್ತರ ಸುಮಾರು 15 ಅಂಗುಲವಿದ್ದರೆ ಗಿಡ್ಡ ಕಾಲಿನ ಎಂಜಿನ್, 20 ಅಂಗುಲವಿದ್ದರೆ ಉದ್ದ ಕಾಲಿನ ಎಂಜಿನ್ ಬೇಕಾಗುತ್ತದೆ. ಈ ಹೊಂದಾಣಿಕೆ ತಪ್ಪಿದರೆ ಯಾವ ಪ್ರೊಪೆಲ್ಲರೂ ಸರಿಹೋಗದು.

ಅನೇಕ ಪ್ರೊಪೆಲ್ಲರ್‌ಗಳ ಗುಂಭದೊಳಗೆ ರಬ್ಬರಿನ ಬುಷ್ ಇರುತ್ತದೆ. ಬಂಡೆಗೆ ಬಡಿದಾಗ ಅಥವಾ ಬಲೆ ಸುತ್ತಿಕೊಂಡಾಗ ಅದು ಜಾರಿ ಗೇರುಗಳನ್ನು ಕಾಪಾಡುತ್ತದೆ. ಹಳತಾದ ಬುಷ್ ಸಾಮಾನ್ಯ ಹೊರೆಯಲ್ಲಿಯೂ ಜಾರತೊಡಗಿದರೆ ಎಂಜಿನ್ ಕಿರುಚುತ್ತದೆ, ದೋಣಿ ಮುಂದಕ್ಕೆ ಹೋಗುವುದಿಲ್ಲ. ಇದನ್ನು ಪಿಚ್ ಕಡಿಮೆಯಾದ ಲಕ್ಷಣವೆಂದು ತಪ್ಪಾಗಿ ಭಾವಿಸುವುದುಂಟು. ತಳಕ್ಕೆ ಅಂಟಿದ ಚಿಪ್ಪುಜೀವಿಗಳು ಮತ್ತು ಪಾಚಿ, ಬಡಿದು ನೆಟ್ಟಗೆ ಮಾಡಿದ ಎಲೆಗಳು, ಅರದಿಂದ ಉಜ್ಜಿ ಗಿಡ್ಡವಾದ ತುದಿಗಳು, ಮಸಿ ಹಿಡಿದ ಪ್ಲಗ್, ಪೂರ್ತಿ ತೆರೆಯದ ಥ್ರಾಟಲ್ ಕೇಬಲ್ ಇವೂ ಅಳತೆಯನ್ನು ಕೆಡಿಸುತ್ತವೆ.

ಎಲೆಗಳ ಮೇಲೆ ಸಣ್ಣ ಸಣ್ಣ ಗುಳಿಗಳು ಕಂಡುಬಂದರೆ ಆವಿಗುಳ್ಳೆಗಳ ಹಾವಳಿಯನ್ನು ಶಂಕಿಸಬೇಕು. ಎಲೆಯ ಒಂದು ಬದಿಯಲ್ಲಿ ಒತ್ತಡ ತೀರಾ ಕುಸಿದಾಗ ನೀರು ಅಲ್ಲಿಯೇ ಆವಿಯಾಗಿ ಗುಳ್ಳೆಗಳೇಳುತ್ತವೆ. ಅವು ಒಡೆಯುವಾಗ ಲೋಹವನ್ನು ಕೊರೆಯುತ್ತವೆ. ಬ್ರಿಟನ್ನಿನ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ನಿರ್ಮಿಸಿದ ‘ಟರ್ಬಿನಿಯಾ’ ಎಂಬ ಉಗಿ ಟರ್ಬೈನ್ ನೌಕೆ ಮೊದಲ ಪ್ರಯೋಗಗಳಲ್ಲಿ ನಿರೀಕ್ಷಿತ ವೇಗ ತಲುಪದಿರಲು ಇದೇ ಕಾರಣವಾಗಿತ್ತು. ಒಂದೇ ಪ್ರೊಪೆಲ್ಲರ್‌ನ ಬದಲು ಮೂರು ದಂಡಗಳ ಮೇಲೆ ಒಂಬತ್ತು ಪ್ರೊಪೆಲ್ಲರ್‌ಗಳನ್ನು ಅಳವಡಿಸಿದ ಬಳಿಕ, 1897ರ ಹೊತ್ತಿಗೆ, ಅದು 34 ನಾಟ್‌ಗಳ ಆಸುಪಾಸಿನ ವೇಗವನ್ನು ಸಾಧಿಸಿತು. ಎಂಜಿನ್ ಎಷ್ಟೇ ಬಲಶಾಲಿಯಾದರೂ ಪ್ರೊಪೆಲ್ಲರ್ ಹೊಂದದಿದ್ದರೆ ಫಲವಿಲ್ಲವೆಂಬುದು ಅಂದೇ ಸಿದ್ಧವಾಗಿತ್ತು.

ನಮ್ಮ ನಾಡಿನ ವಿಶೇಷ ಸಂದರ್ಭಗಳು

ಮಳೆಗಾಲದ ಮೀನುಗಾರಿಕೆ: ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, 10 ಅಶ್ವಶಕ್ತಿಯವರೆಗಿನ ಎಂಜಿನ್ ಬಳಸುವ ನಾಡದೋಣಿಗಳಿಗೆ ವಿನಾಯಿತಿ ನೀಡಲಾಗುತ್ತದೆ. ಸಣ್ಣ ಎಂಜಿನ್ ದೊಡ್ಡ ಭಾರವನ್ನು ತಳ್ಳಬೇಕಾದ ಸಂದರ್ಭವಿದು. ಇಲ್ಲಿ ಕಡಿಮೆ ಪಿಚ್ ಮತ್ತು ಸಾಧ್ಯವಾದಷ್ಟು ಹೆಚ್ಚಿನ ವ್ಯಾಸ ಹಿತಕರ. ಈ ಅಶ್ವಶಕ್ತಿಯಲ್ಲಿ ‘ಹೈ ಥ್ರಸ್ಟ್’ ಎಂಬ ಹೆಸರಿನ, ಸುಮಾರು 2.9:1ರ ಗೇರ್ ಅನುಪಾತವಿರುವ ಮಾದರಿಗಳೂ ಇವೆ. ಪ್ರೊಪೆಲ್ಲರನ್ನು ನಿಧಾನವಾಗಿ, ಆದರೆ ಹೆಚ್ಚು ಬಲದಿಂದ ತಿರುಗಿಸುವುದು ಅವುಗಳ ಉದ್ದೇಶ.

ಅಳಿವೆ ದಾಟುವಿಕೆ: ಪಂಚಗಂಗಾವಳಿ ಕಡಲು ಸೇರುವ ಗಂಗೊಳ್ಳಿಯಲ್ಲಿ, ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಮಂಗಳೂರಿನಲ್ಲಿ ಅಳಿವೆಬಾಗಿಲನ್ನು ದಾಟುವುದು ಅನುಭವಿಗಳಿಗೂ ಸವಾಲು. ಎರಡು ತೆರೆಗಳ ನಡುವಿನ ಬಿಡುವಿನಲ್ಲಿ ದೋಣಿ ತ್ವರಿತವಾಗಿ ವೇಗ ಪಡೆಯಬೇಕು. ಅತಿ ಪಿಚ್‌ನ ಪ್ರೊಪೆಲ್ಲರ್ ಇರುವ ದೋಣಿಯಲ್ಲಿ ಥ್ರಾಟಲ್ ತಿರುವಿದರೂ ಎಂಜಿನ್ ಮೇಲೇಳಲು ತಡವಾಗುತ್ತದೆ. ಆ ಕೆಲವು ಕ್ಷಣಗಳಲ್ಲಿ ದೋಣಿ ತೆರೆಗೆ ಅಡ್ಡವಾದರೆ ಮಗುಚುವ ಅಪಾಯವಿದೆ. ಪ್ರೊಪೆಲ್ಲರ್‌ನ ಆಯ್ಕೆ ಖರ್ಚಿನ ಲೆಕ್ಕವನ್ನು ಮೀರಿ ಜೀವರಕ್ಷಣೆಯ ವಿಷಯವಾಗುವುದು ಇಲ್ಲಿಯೇ.

ಎಂಜಿನ್ ಬದಲಾವಣೆ: ಸೀಮೆಎಣ್ಣೆಯ ಎಂಜಿನ್‌ಗಳನ್ನು ಬಿಟ್ಟು ಪೆಟ್ರೋಲ್ ಎಂಜಿನ್‌ಗಳಿಗೆ ಹೊರಳುವ ದೋಣಿ ಮಾಲೀಕರು ಹಳೆಯ ಪ್ರೊಪೆಲ್ಲರ್‌ನ ಪಿಚ್ಚನ್ನೇ ಹೊಸ ಎಂಜಿನ್‌ಗೂ ಕೇಳುವುದು ಸಹಜ. ಆದರೆ ಹೊಸ ಎಂಜಿನ್‌ನ ಗೇರ್ ಅನುಪಾತ, ನಿಗದಿತ ವ್ಯಾಪ್ತಿ ಮತ್ತು ತೂಕ ಮೂರೂ ಬೇರೆಯಾಗಿರಬಹುದು. ಉದಾಹರಣೆಗೆ, ಹಳೆಯದರ ಮೇಲ್ಮಿತಿ 5500 ಆಗಿದ್ದು ಹೊಸದರದು 6000 ಆಗಿದ್ದರೆ, ಹಳೆಯ ಎಂಜಿನ್‌ಗೆ ಸಾಕಾಗಿದ್ದ 4900 ಸುತ್ತು ಹೊಸದಕ್ಕೆ ಸಾಲದು. ಎಂಜಿನ್ ಬದಲಾದಾಗ ಪರೀಕ್ಷೆಯೂ ಹೊಸದಾಗಿ ನಡೆಯಬೇಕು.

ಒಳನಾಡಿನ ಜಲಾಶಯಗಳು: ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ ಎಂಜಿನ್‌ನ ಶಕ್ತಿ ಪ್ರತಿ 300 ಮೀಟರಿಗೆ ಸುಮಾರು ಶೇಕಡಾ 3ರಷ್ಟು ಕುಗ್ಗುತ್ತದೆ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿರುವ ಕಬಿನಿ ಜಲಾಶಯದಲ್ಲಿ ಈ ನಷ್ಟ ಶೇಕಡಾ 7ರಷ್ಟಾಗುತ್ತದೆ. ಕರಾವಳಿಯಲ್ಲಿ ಸರಿಯಾಗಿ ಹೊಂದಿದ್ದ ಪ್ರೊಪೆಲ್ಲರ್ ಅಲ್ಲಿ 1 ಅಂಗುಲ ಹೆಚ್ಚೆನಿಸಬಹುದು.

ವರ್ತಕರ ಪಾತ್ರ

ಎಂಜಿನ್ ಮಾರಾಟಗಾರರು ಪೆಟ್ಟಿಗೆಯೊಂದಿಗೆ ಬಂದ ಪ್ರೊಪೆಲ್ಲರನ್ನೇ ಬಿಗಿದುಕೊಟ್ಟು ವ್ಯವಹಾರ ಮುಗಿಸುವುದು ವಾಡಿಕೆ. ತಯಾರಕರು ಆ ಪ್ರೊಪೆಲ್ಲರನ್ನು ಸರಾಸರಿ ದೋಣಿಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿರುತ್ತಾರೆ. ನಿರ್ದಿಷ್ಟ ಗ್ರಾಹಕರ ದೋಣಿ, ಬಲೆ ಮತ್ತು ಜನಸಂಖ್ಯೆ ಅವರಿಗೆ ತಿಳಿದಿರುವುದಿಲ್ಲ. ಆ ಅಂತರವನ್ನು ತುಂಬಬಲ್ಲವರು ಸ್ಥಳೀಯ ವರ್ತಕರು ಮಾತ್ರ. ಎರಡು ಮೂರು ಪಿಚ್‌ಗಳ ಪ್ರೊಪೆಲ್ಲರ್‌ಗಳನ್ನು ಪರೀಕ್ಷೆಗೆಂದೇ ಇಟ್ಟುಕೊಳ್ಳುವುದು, ಮಾರಾಟದ ನಂತರ ಪೂರ್ಣ ಭಾರದಲ್ಲಿ ಒಮ್ಮೆ ಓಡಿಸಿ ನೋಡುವುದು, ತಿರುಗು ವೇಗ, ದೋಣಿಯ ವೇಗ, ಪಿಚ್ ಮತ್ತು ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಗ್ರಾಹಕರಿಗೆ ಕೊಡುವುದು ಇವು ದುಬಾರಿ ಸೇವೆಗಳಲ್ಲ. ಮುಂದೆ ಎಂದಾದರೂ ವೇಗ ತಗ್ಗಿದರೆ ಆ ಚೀಟಿಯ ಅಂಕಿಗಳೊಡನೆ ಹೋಲಿಸಿ ದೋಷ ಎಲ್ಲಿದೆ ಎಂಬುದನ್ನು ಬೇಗನೆ ಗುರುತಿಸಬಹುದು. ನಿಗದಿತ ವ್ಯಾಪ್ತಿಯ ಹೊರಗೆ ಓಡಿಸಿದ್ದರಿಂದ ಆದ ಹಾನಿಗೆ ಖಾತರಿ ಅನ್ವಯಿಸದಿರುವುದು ಸಾಮಾನ್ಯವಾದ್ದರಿಂದ, ಇಂತಹ ದಾಖಲೆ ಗ್ರಾಹಕರಿಗೂ ವರ್ತಕರಿಗೂ ರಕ್ಷಣೆಯಾಗುತ್ತದೆ.

ದೋಣಿ ಮಾಲೀಕರು ಕೂಡ ಒಂದು ಬದಲಿ ಪ್ರೊಪೆಲ್ಲರ್, ಅದನ್ನು ಬಿಗಿಯುವ ನಟ್ಟು, ಪಿನ್ನು ಮತ್ತು ಪಾನಾವನ್ನು ದೋಣಿಯಲ್ಲಿ ಸದಾ ಇಟ್ಟುಕೊಳ್ಳುವುದು ಒಳ್ಳೆಯದು. ವರ್ಷಕ್ಕೊಮ್ಮೆ, ಮಳೆಗಾಲದ ಬಿಡುವಿನ ನಂತರ ಎಂಜಿನನ್ನು ಮತ್ತೆ ಕಡಲಿಗಿಳಿಸುವ ಮುನ್ನ, ಎಲೆಗಳನ್ನೂ ಬುಷ್ಷನ್ನೂ ಪರಿಶೀಲಿಸಿ ತಿರುಗು ವೇಗವನ್ನು ಅಳೆದು ನೋಡುವ ಪದ್ಧತಿ ಬೆಳೆಯಬೇಕು. ಲಕ್ಷಾಂತರ ರೂಪಾಯಿ ಹೂಡಿದ ಎಂಜಿನ್‌ನ ಆಯುಷ್ಯ, ಪ್ರತಿದಿನದ ಇಂಧನದ ವೆಚ್ಚ ಮತ್ತು ದೋಣಿಯಲ್ಲಿರುವವರ ಕ್ಷೇಮ ಈ ಅರ್ಧ ಗಂಟೆಯ ಪರೀಕ್ಷೆಯನ್ನು ಅವಲಂಬಿಸಿವೆ.